ಸೊಂಟಕ್ಕೆ ಕಟ್ಟಿದ ಗಂಟೆ

ಹಳಿಯಾಳದ ಪೇಟೆಯಲ್ಲಿ ದನದ ಹಗ್ಗ, ಮೂಗುದಾಣ, ಬಾರುಕೋಲು ಮಾರುವ ಅಂಗಡಿಯೊಂದಿದೆ. ಮೊನ್ನೆ ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಅದರ ಮುಂದೆ ನಿಂತಿದ್ದೆ. ಒಳಗೆ ಹೊರಟವನೊಬ್ಬನ ಭುಜ ತಗುಲಿ ಬಾಗಿಲಿಗೆ ತೂಗುಬಿಟ್ಟ ಹಿತ್ತಾಳೆ ಗಂಟೆಗಳ ಗೊಂಚಲು ಅಲುಗಿತು. ಒಂದರ ದನಿ ಇನ್ನೊಂದಕ್ಕಿಲ್ಲ. ಸ್ವಲ್ಪ ಹೊತ್ತಿಗೆ ಅವು ನಿಂತವು. ಸದ್ದಾದಾಗ ನನಗೇನೂ ಅನ್ನಿಸಲಿಲ್ಲ, ನಿಂತಾಗ ಬೆನ್ನಿನಲ್ಲಿ ತಣ್ಣೀರು ಇಳಿದಂತಾಯಿತು. ಗಂಟೆ ನಿಂತರೆ ಹೆದರಬೇಕು ಎಂಬುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತಿದ್ದೆ.

ಕೋಗಿಲಬನದ ಹತ್ತಿರ, ಕಾಳಿ ನದಿಯ ಮೇಲಿನ ದಿಬ್ಬದಲ್ಲಿ ಉದ್ದನೆಯ ಹಂಚಿನ ಮನೆಯೊಂದಿತ್ತು. ಫಿಟ್ಸ್ ಬರುವ, ಮಾತು ಬಾರದ, ಕೈಕಾಲು ಹೇಳಿದಂತೆ ಕೇಳದ ಮಕ್ಕಳು ಅಲ್ಲೇ ಉಂಡು, ಮಲಗಿ, ಕಲಿಯುವ ಶಾಲೆ ಅದು. ನನ್ನ ತಂಗಿ ನೀಲಾ ಅವರಲ್ಲೊಬ್ಬಳು. ಹಳಿಯಾಳದ ಕಡೆಯ ನಮ್ಮ ಹಳ್ಳಿಯಲ್ಲಿ ಅವಳು ಬಿದ್ದಾಗಲೆಲ್ಲ ಯಾರಾದರೂ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಿದ್ದರು, ಮುಷ್ಟಿಯಲ್ಲಿ ಕಬ್ಬಿಣದ ಕೀಲಿ ತುರುಕುತ್ತಿದ್ದರು, ಹಣೆಗೆ ವಿಭೂತಿ ಬಳಿಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಶಾಲೆಗೆ ಅಡುಗೆಯವಳಾಗಿ ಸೇರಿ ನಮ್ಮಿಬ್ಬರನ್ನೂ ಜೊತೆಗೆ ತಂದಳು. ಪಾಠ ಹೇಳುವ ಅಕ್ಕೋರು ಅವ್ವನಿಗೆ ಮೊದಲು ಕಲಿಸಿದ್ದು ಇಷ್ಟೇ: ಬಾಯಿಗೆ ಏನೂ ಇಡಬೇಡ, ಕೈಯಲ್ಲಿ ಏನೂ ಕೊಡಬೇಡ, ಮಗ್ಗುಲಾಗಿ ಹೊರಳಿಸಿ ಕಾಯಿ. ಕಾಯುವುದೇ ಎಲ್ಲಕ್ಕಿಂತ ಕಷ್ಟ ಎಂದು ಅವ್ವ ಆಮೇಲೆ ಹೇಳುತ್ತಿದ್ದಳು.

ಗಂಟೆ ಅವ್ವನದೇ ಉಪಾಯ. ಒಲೆ ಬಿಟ್ಟು ಏಳಲಾಗದ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆಂದು ತಿಳಿಯಲು ಅವಳು ಹಳಿಯಾಳದಿಂದ ಆಡಿನ ಗಂಟೆಗಳನ್ನು ತಂದು, ದನಿ ನೋಡಿ ನೋಡಿ ಮಕ್ಕಳ ಉಡದಾರಕ್ಕೆ ಕಟ್ಟಿದ್ದಳು. ನೀಲಾಳದು ತೆಳ್ಳಗಿನ ದನಿ. ದಾಂಡೇಲಿಯ ಮೆಕ್ಯಾನಿಕ್ ಒಬ್ಬರ ಮಗ, ಮಾತೇ ಬಾರದ ಸಾಬೀರನದು ಗೊಗ್ಗರು. ಅಂಗಳದಲ್ಲಿ ಓಡಾಡುತ್ತಿದ್ದ ಒಂದು ಗಂಟೆ ತಟ್ಟನೆ ನಿಂತರೆ ಅವ್ವನ ಸೌಟು ನಿಲ್ಲುತ್ತಿತ್ತು, ಬಾಯಲ್ಲಿದ್ದ ರೊಟ್ಟಿ ಅಗಿಯುವುದನ್ನು ನಾನು ನಿಲ್ಲಿಸುತ್ತಿದ್ದೆ. ಬಿದ್ದಿದ್ದಾರೋ, ಕಣ್ಣು ತೆರೆದೇ ಎಲ್ಲೋ ಹೋಗಿಬಿಟ್ಟಿದ್ದಾರೋ, ಸುಮ್ಮನೆ ಇರುವೆ ನೋಡುತ್ತ ಕುಳಿತಿದ್ದಾರೋ? ಹೆಚ್ಚಿನ ಸಲ ಇರುವೆಯೇ. ಆದರೂ ಹೆದರಿಕೆ ಹಳತಾಗಲಿಲ್ಲ.

ಇನ್ನೊಂದು ಹೆದರಿಕೆ ನದಿಯದು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಮುಂಚೆ ಸೈರನ್ ಕೂಗುತ್ತಿತ್ತು. ನಾವು ಬಟ್ಟೆ ಒಗೆಯುವ ಬಂಡೆ ನೋಡನೋಡುತ್ತ ಮುಳುಗುತ್ತಿತ್ತು. ಸೈರನ್‌ಗೆ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಒಳಗೆ ಓಡಿದರೆ ಸಾಬೀರ ಮಾತ್ರ ಮುಖ ಅರಳಿಸಿ ಆ ಸದ್ದಿನ ಕಡೆಗೇ ನಡೆಯುತ್ತಿದ್ದ.

ಅವನ ತಾಯಿ ಹಸೀನಾಬಿ ಆಗಾಗ ದಾಂಡೇಲಿಯಿಂದ ಖಾರಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುತ್ತಿದ್ದರು. ಒಂದು ದಿನ ಬಂದವರು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಂಟೆಯನ್ನು ಬೆರಳಿನಿಂದ ಎತ್ತಿ ನೋಡಿ, "ಅಕ್ಕಾರ, ನನ್ನ ಮಗ ಆಡು ಅಲ್ರಿ" ಎಂದರು.

"ಆಡಾಗಿದ್ರ ಕರದ ಕೂಡ್ಲೆ ಬರ್ತಿತ್ತ ನೋಡವಾ" ಎಂದು ಅವ್ವ ನಗಿಸಲು ನೋಡಿದಳು. ಹಸೀನಾಬಿ ನಗಲಿಲ್ಲ. ಅವ್ವನೇ ಈಳಿಗೆ ತಂದು ದಾರ ಕೊಯ್ದಳು. ತಾಯಿಯ ಮಾತಿನಲ್ಲಿ ತಪ್ಪೇನಿತ್ತು? ಗಂಟೆ ಹಸೀನಾಬಿಯ ಪರ್ಸಿಗೆ ಹೋಯಿತು. ಇಬ್ಬರೂ ಚಹಾ ಕುಡಿಯುತ್ತ ಕುಳಿತಿದ್ದಾಗ ಸೈರನ್ ಕೂಗಿತು. ಅದು ಮುಗಿಯುವಷ್ಟರಲ್ಲಿ ಅಂಗಳದಲ್ಲಿ ಸಾಬೀರ ಇರಲಿಲ್ಲ.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ. ಅವ್ವ ರಸ್ತೆಯ ಕಡೆಗೆ, ಅಕ್ಕೋರು ಬಿದಿರುಮೆಳೆಯ ಕಡೆಗೆ, ನಾನೂ ಹಸೀನಾಬಿಯೂ ನದಿಯ ಕಡೆಗೆ ಓಡಿದೆವು. ಇಳಿಜಾರಿನಲ್ಲಿ ಹೊಳೆಯ ಮೊರೆತವಲ್ಲದೆ ಏನೂ ಕೇಳದು. ಆಗ ಕೆಳಗಿನಿಂದ ಗಂಟೆಯ ದನಿ ಬಂತು. ಅದರ ಜಾಡು ಹಿಡಿದು ಹೋದರೆ ಒಗೆಯುವ ಬಂಡೆಯ ಅಂಚಿನಲ್ಲಿ ಸಾಬೀರ ನಿಂತಿದ್ದ, ನೀರು ಏರುತ್ತಿತ್ತು.

ಆದರೆ ಅವನ ಗಂಟೆ ಪರ್ಸಿನಲ್ಲಿತ್ತಲ್ಲ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದುವಾಗ, ನೆನಪು ಇಟ್ಟಲ್ಲೇ ಇರುವ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಕಲಿತಾಗ ನನಗೆ ಮೊದಲು ಹೊಳೆದದ್ದು ಇದೇ. ಆ ದನಿ ಸುಳ್ಳಾದರೆ ಮಿಕ್ಕದ್ದೆಲ್ಲ ಏನು? ಆ ಮನೆ, ಅವ್ವನ ಸೌಟು, ನೀಲಾ? ಅದರ ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ನೀಲಾಳ ಗಂಟೆ ನಿಂತಿತು. ಮಗ್ಗುಲಾಗಿ ಹೊರಳಿಸಿ ಕಾದೆವು. ಅವಳು ಏಳಲಿಲ್ಲ. ಆಮೇಲೆ ಶಾಲೆ ಮುಚ್ಚಿತು, ಹಂಚು ಇಳಿಯಿತು, ಹೋದ ವರ್ಷ ಅವ್ವನೂ ಹೋದಳು. ಕೇಳಲು ಒಬ್ಬರೇ ಉಳಿದಿದ್ದರು. ಮೊನ್ನೆ ನಾನು ಊರಿನ ಬಸ್ಸು ಬಿಟ್ಟು ದಾಂಡೇಲಿಯ ಬಸ್ಸು ಹತ್ತಿದೆ.

ಹಸೀನಾಬಿಗೆ ಈಗ ಮೊಣಕಾಲು ಹಿಡಿದಿದೆ. ಕಿವಿಯ ಮೇಲೆ ಕೂದಲು ನರೆತ ಸಾಬೀರ ಕಿಟಕಿಯ ಪಕ್ಕ ಕುಳಿತು ಚಹಾದಲ್ಲಿ ಖಾರಿ ಅದ್ದಿ ತಿನ್ನುತ್ತಿದ್ದ. ಅಂದು ಬಂಡೆಯ ಕಡೆಯಿಂದ ಕೇಳಿದ ಅವನ ಗಂಟೆಯ ಮಾತೆತ್ತಿದೆ.

"ಇವನ ಗಂಟಿ ಎಲ್ಲಿತ್ತಪಾ, ಅದು ನಿನ್ನ ತಂಗೀದು. ಇವನ ಹಿಂದ ಹೋಗಿ ಅಂಗಿ ತುದಿ ಹಿಡಕೊಂಡು ಬಟ್ಟಿ ಒಗಿಯೋ ಬಂಡಿ ಮ್ಯಾಲ ಕುಂತಿದ್ಲಲ್ಲ ಬೇಟಾ. ನೆನಪಿಲ್ಲೇನು? ನೀರು ಕಾಲಿಗೆ ಬಂದ್ರೂ ಬಿಟ್ಟಿದ್ದಿಲ್ಲ. ಆಕಿ ಬೆರಳು ನಾನ ಒಂದೊಂದ ಬಿಡಿಸಿದ್ದು."

ಕುಳಿತವಳ ಗಂಟೆ ಹೇಗೆ ಬಾರಿಸೀತು ಎಂದು ಕೇಳಿದೆ. ನನ್ನ ವಿದ್ಯೆಗೆ ಹೊಳೆಯುವುದು ಅಂಥ ಪ್ರಶ್ನೆಗಳೇ.

"ನಡಗಾಕ ಹತ್ತಿದ್ಲಲ್ಲ" ಎಂದರು ಹಸೀನಾಬಿ.

ನೀಲಾಳಿಗೆ ಏನೂ ತಿಳಿಯುವುದಿಲ್ಲ ಎಂದು ಊರವರು ಹೇಳುತ್ತಿದ್ದರು. ಅವ್ವನೂ ದಣಿದ ದಿನಗಳಲ್ಲಿ ಹೇಳಿದ್ದುಂಟು. ಅದನ್ನೇ ಕೇಳುತ್ತ ಬೆಳೆದ ನಾನು ಆ ಬಂಡೆಯಿಂದ ಅವಳನ್ನು ಯಾವಾಗ ಅಳಿಸಿದೆನೋ ಗೊತ್ತಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವಳನ್ನು ಮತ್ತೆ ಅಲ್ಲಿ ಕೂರಿಸಲು ನೋಡಿದೆ. ಮುಖ ಬರಲಿಲ್ಲ. ಒದ್ದೆ ಫ್ರಾಕಿನ ಅಂಚು ಬಂತು, ಅದನ್ನೂ ನಾನೇ ಈಗ ಸೇರಿಸಿರಬಹುದು. ಆದರೆ ದನಿ ತೆಳ್ಳಗಿತ್ತು, ಗೊಗ್ಗರಾಗಿರಲಿಲ್ಲ, ಅಷ್ಟು ನನಗೆ ಗೊತ್ತು. ಗಂಟೆ ಬಾರಿಸುತ್ತಿದ್ದರೆ ಮಗು ಕ್ಷೇಮ ಎಂದು ಆ ಮನೆಯಲ್ಲಿ ನಾವೆಲ್ಲ ನಂಬಿದ್ದೆವು. ಅಂದು ಅದು ಬಾರಿಸಿದ್ದು, ಅವಳು ನಮ್ಮೆಲ್ಲರಷ್ಟೇ ಹೆದರಿಯೂ ಕೈ ಬಿಡದೆ ಕುಳಿತಿದ್ದರಿಂದ.