ಹಸಿರು ಗೆರೆ ನೋಡಲು ಬರುತ್ತಿದ್ದ ವೈನಿ

ಹಾರೂಗೇರಿಯಲ್ಲಿ ಆಸಿಲೋಸ್ಕೋಪ್ ಯಾರಿಗೆ ಬೇಕು? ಯಾರಿಗೂ ಬೇಡ. ಮಿರಜಿನ ಗುಜರಿಯಲ್ಲಿ ಕೆಟ್ಟು ಕೂತ ಹಳೆಯದೊಂದನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರೆ ಕಾಗವಾಡ ದಾಟುವಷ್ಟರಲ್ಲಿ ನಾಲ್ಕು ಜನ ಕೇಳಿರುತ್ತಾರೆ: "ಇದರಾಗ ಟಿವಿ ಕಾಣ್ತೈತೇನ್ರಿ?" ಇಲ್ಲಪ್ಪ, ಕರೆಂಟು ಹೇಗೆ ಏರಿಳಿಯುತ್ತದೆಂದು ಗೆರೆ ಎಳೆದು ತೋರಿಸುತ್ತದೆ ಎಂದರೆ ಮುಖ ತಿರುಗಿಸಿ ಹೊರಗಿನ ಕಬ್ಬು ನೋಡುತ್ತಾರೆ. ಹಾಳಾಗಿ ಹೋಗಲಿ, ನಾನೇನು ಅವರಿಗಾಗಿ ರಿಪೇರಿ ಮಾಡುತ್ತೇನೆಯೇ?

ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ನಾನು. ಮದುವೆಯಾಗಲಿಲ್ಲ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಹಳೇ ಮೀಟರು, ಸ್ಕೋಪುಗಳ ನಡುವೆ ಇರುತ್ತೇನೆ. ಸಾಲಿ ಮಾಸ್ತರನಾದ ಅಣ್ಣನಿಗೆ ಅದೆಲ್ಲ ಬರೀ ತಗಡು. ಆ ಕೋಣೆಗೆ ಬರುತ್ತಿದ್ದವರು ಅಣ್ಣನ ಹೆಂಡತಿ, ನಮ್ಮ ವೈನಿ, ಒಬ್ಬರೇ. ಸಂಜೆ ಚಹಾ ತಂದು, ಸ್ಟೂಲಿನ ಮೇಲೆ ಕೂತು, ಮೈಕು ಹಿಡಿದು ಮಾತಾಡಿ, ಪರದೆಯ ಹಸಿರು ಗೆರೆ ಕುಣಿಯುವುದನ್ನು ನೋಡುತ್ತಿದ್ದರು.

"ಅಯ್ಯ, ನನ್ನ ಮಾತ ಇಷ್ಟ ಡೊಂಕ ಐತೇನ್ರಿ?"

"ಅಣ್ಣಂದ ಇನ್ನೂ ಡೊಂಕ ಐತ್ರಿ ವೈನಿ."

ದಿನಕ್ಕೆ ಅಷ್ಟೇ ಮಾತು. ಅಷ್ಟು ನನಗೆ ಸಾಕಾಗುತ್ತಿತ್ತು.

ಒಂದು ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ದೊಡ್ಡ ಸ್ಕೋಪಿಗೆ ಹೊಸ ಕಂಡೆನ್ಸರ್ ಹಾಕಿದೆ. ನಾಳೆಯೇ ಹಬ್ಬ, ಪೂಜೆಯಾದ ಮೇಲೆ ಚಾಲೂ ಮಾಡಿದರಾಯಿತೆಂದು ಪರೀಕ್ಷೆ ಮಾಡದೆ ಮುಚ್ಚಿಟ್ಟೆ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ವೈನಿ ಸ್ಕೂಟರು, ಮಿಕ್ಸರು, ನನ್ನ ಇಕ್ಕಳ, ಸ್ಕೋಪು ಎಲ್ಲ ಪಡಸಾಲೆಯಲ್ಲಿ ಸಾಲಾಗಿಟ್ಟು, ಕುಂಕುಮವಿಟ್ಟು ಹೂ ಏರಿಸಿದ್ದರು. ಕೈಯಲ್ಲಿ ಒದ್ದೆ ಅರಿವೆಯಿತ್ತು. "ಚಾಲೂ ಮಾಡ್ರಿ ಈಗ" ಎಂದರು. ಸ್ವಿಚ್ ಒತ್ತಿದೆ. ನಿಮಿಷ ಕಳೆದಿರಲಿಲ್ಲ, ಒಳಗೆ ಢಬ್ ಎಂದು ಸದ್ದಾಗಿ ಹೊಗೆ ಬಂತು.

ನನ್ನ ಸಿಟ್ಟು ನೆತ್ತಿಗೇರಿತು. "ಕರೆಂಟಿನ ಸಾಮಾನಕ್ಕ ನೀರ ಹಚ್ಚತಾರೇನ್ರಿ? ತಲಿ ಐತೋ ಇಲ್ಲೋ ನಿಮಗ?" ಎಂದು ಒದರಿದೆ. ಹಬ್ಬದ ದಿನ, ಅಣ್ಣನ ಮುಂದೆ, ಅರಿಷಿಣ ಕುಂಕುಮಕ್ಕೆ ಬಂದಿದ್ದ ಓಣಿಯ ಹೆಂಗಸರ ಮುಂದೆ. ವೈನಿ ಆರತಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮರುದಿನದಿಂದ ಚಹಾ ಹೊಸ್ತಿಲ ಹೊರಗೇ ಇರುತ್ತಿತ್ತು.

ನಾಲ್ಕು ದಿನದ ಮೇಲೆ ಮುಚ್ಚಳ ಬಿಚ್ಚಿದೆ. ಒಳಗೆ ನೀರಿನ ಹನಿಯೂ ಇರಲಿಲ್ಲ. ಒಡೆದದ್ದು ನಾನೇ ಹಾಕಿದ ಕಂಡೆನ್ಸರ್. ಪ್ಲಸ್ ಇರಬೇಕಾದಲ್ಲಿ ಮೈನಸ್ ಸೇರಿಸಿದ್ದೆ. ಮೂವತ್ತು ವರ್ಷ ಸರ್ವಿಸಾದವನು ಮಾಡುವ ತಪ್ಪೇ ಅದು! ಎದ್ದು ಹೋಗಿ ಹೇಳಬೇಕಿತ್ತು, ಅಡುಗೆಮನೆ ಹತ್ತು ಹೆಜ್ಜೆ ದೂರ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರಲ್ಲ, ಅದನ್ನು ನಾನೇ ಬೇರೆಯವರಿಗೆ ನೂರು ಸಲ ಹೇಳಿದ್ದೇನೆ.

ಸ್ಕೋಪು ರಿಪೇರಿಯಾಯಿತು. ಗೆರೆ ಚೊಕ್ಕವಾಗಿ ನಿಂತಿತು. ಯಾರಿಗೆ ತೋರಿಸಲಿ? ಮೈಕು ಹಿಡಿದು ನಾನೇ "ಹಲೋ" ಅಂದೆ. ಗೆರೆ ಕುಣಿಯಿತು. ಖರೇ ಹೇಳುತ್ತೇನೆ, ಅಳು ಬಂತು.

ಬೇಸಿಗೆ ಮುಗಿಯುವಾಗ ಅಣ್ಣನಿಗೆ ನಿಪ್ಪಾಣಿಗೆ ವರ್ಗವಾಯಿತು. ಟೆಂಪೋಕ್ಕೆ ಸಾಮಾನು ಏರಿಸುತ್ತಿದ್ದಾಗ ವೈನಿ ಖಾಲಿ ಅಡುಗೆಮನೆಯಲ್ಲಿ ಒಬ್ಬರೇ ಕಸ ಗುಡಿಸುತ್ತಿದ್ದರು. ಧೈರ್ಯ ಮಾಡಿ ಹೋದೆ.

"ವೈನಿ, ಅವತ್ತ ತಪ್ಪ ನಂದ ಇತ್ರಿ. ಕಂಡೆನ್ಸರ್ ಉಲ್ಟಾ ಹಾಕಿದ್ನಿ."

"ನಂಗ ಅವತ್ತ ಗೊತ್ತಿತ್ತ್ರಿ," ಎಂದರು ಕಸಬರಿಗೆ ಬಿಡದೆ. "ಒದ್ದಿ ಅರಿವಿ ಸ್ಕೂಟರ ಒರಸಿದ್ದು. ನಿಮ್ಮ ಸಾಮಾನಕ್ಕ ಒಣಾ ಕುಂಕುಮ ಹಚ್ಚಿದ್ನಿ."

"ಹಂಗಾದ್ರ ಅವತ್ತ ಯಾಕ ಅನ್ನಲಿಲ್ರಿ?"

"ಮಂದಿ ಮುಂದ ನಿಮಗ ಕಡಿಮಿ ಆಗ್ತಿತ್ತು. ಬಿಚ್ಚಿ ನೋಡಿದ ಮ್ಯಾಲ ನೀವ ಬಂದು ಹೇಳ್ತೀರಿ ಅಂತ ಎಂಟ ತಿಂಗಳ ದಾರಿ ನೋಡಿದ್ನಿ."

ಹೊರಗೆ ಟೆಂಪೋದವನು ಹಾರ್ನ್ ಹೊಡೆದ. ವೈನಿ ಕಸ ಎತ್ತಿ ಹಾಕಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಆ ಎಂಟು ತಿಂಗಳೂ ನಾನು ಅವರ ಸಿಟ್ಟು ಇಳಿಯಲೆಂದು ಕಾಯುತ್ತ ಕೂತಿದ್ದೆ.