ಹೊಸಹಳ್ಳಿಯಲ್ಲಿ ಸಿಕ್ಕ ಜರ್ಮನ್ ಊಟ

ಕಾಮಾಕ್ಷಿಪಾಳ್ಯದ ನಮ್ಮ ವರ್ಕ್‌ಶಾಪಿನಲ್ಲಿ ಹೊಸ ಮೆಷೀನ್ ಕೂರಿಸಲು ಜರ್ಮನಿಯಿಂದ ಪೀಟರ್ ಎಂಬ ವಯಸ್ಸಾದ ಇಂಜಿನಿಯರ್ ಬಂದಿದ್ದರು. ಒಂದು ಬೆಳಿಗ್ಗೆ, "ಇವತ್ತು ನಮ್ಮಮ್ಮ ತೀರಿಕೊಂಡ ದಿನ. ಪ್ರತಿವರ್ಷ ಅವರು ಮಾಡುತ್ತಿದ್ದ ಆಲೂಗಡ್ಡೆ ಉಂಡೆ ತಿನ್ನುತ್ತೇನೆ. ಇಲ್ಲಿ ಸಿಗುತ್ತದಾ?" ಎಂದು ಕೇಳಿದರು.

ಮಧ್ಯಾಹ್ನ ದೊಡ್ಡ ಹೋಟೆಲೊಂದಕ್ಕೆ ಕರೆದೊಯ್ದೆ. ಜರ್ಮನ್ ಊಟ ಅಂತ ಸಾಸೇಜ್ ತಂದಿಟ್ಟರು. ಪೀಟರ್ ಒಂದು ತುಂಡು ತಿಂದು ತಟ್ಟೆ ಸರಿಸಿದರು. ಆ ಮುಖ ನೋಡಲಾಗದೆ ಹೊಸಹಳ್ಳಿಯ ನಮ್ಮ ಪಕ್ಕದ ಮನೆಯ ಸರೋಜಾ ಆಂಟಿಗೆ ಫೋನ್ ಮಾಡಿದೆ. ಅವರು ಹರೆಯದಲ್ಲಿ ಜರ್ಮನಿಯಲ್ಲಿ ನರ್ಸಾಗಿದ್ದವರು.

"ಆ ಉಂಡೆನಾ? ಅಲ್ಲಿ ನಾನಿದ್ದ ಮನೆ ಅಜ್ಜಿ ಕಲಿಸಿದ್ರು ಕಣೋ. ಸಂಜೆ ಕರ್ಕೊಂಡು ಬಾ. ಆದ್ರೆ ಮಾಂಸ ಹಾಕಲ್ಲ, ಅಣಬೆ ಸಾರು ಮಾಡ್ತೀನಿ ಅಂತ ಮೊದಲೇ ಹೇಳ್ಬಿಡು."

ಸಂಜೆ ಪೀಟರ್ ಮೊದಲ ತುತ್ತು ತಿಂದು ಕಣ್ಣು ಮುಚ್ಚಿ ಕೂತರು. ಆಮೇಲೆ ಜರ್ಮನ್‌ನಲ್ಲಿ ಏನೋ ಕೇಳಿದರು. ಆಂಟಿ ತಡವರಿಸುತ್ತಾ ಉತ್ತರಿಸಿದರು, ಬರುಬರುತ್ತಾ ಮಾತು ಸಲೀಸಾಯಿತು.

"ಇಲ್ಲಿಗೆ ಬಂದ್ಮೇಲೂ ಆ ಅಜ್ಜಿ ಫೋನ್ ಮಾಡ್ತಿದ್ರು. ಅವರು ತೀರ್ಕೊಂಡ್ಮೇಲೆ ಈ ಭಾಷೆ ಆಡೋಕೆ ಯಾರೂ ಸಿಕ್ಕಿರ್ಲಿಲ್ಲ," ಎಂದು ನನ್ನ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಆ ಉಂಡೆ ತೀರಾ ಸಪ್ಪೆ ಅನ್ನಿಸಿತ್ತು. ಉಪ್ಪಿನಕಾಯಿ ಕೇಳಬೇಕೆಂದಿದ್ದೆ. ಅವರಿಬ್ಬರ ಮಾತು ನಿಲ್ಲುವುದು ಬೇಡವೆಂದು ಹಾಗೇ ನುಂಗಿದೆ.