ಹೆಂಡತಿ ಮುಂದೆ ಹೋದ ಭಾನುವಾರ

ಮೊನ್ನೆ ಭಾನುವಾರ ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋದಳು.

(ಗಾಬರಿ ಬೇಡ. ನಿಪ್ಪಾಣಿ ಹತ್ತಿರದ ತವಂದಿ ಗುಡ್ಡ ಹತ್ತಲು.)

ಚಿಕ್ಕೋಡಿಯ ನಮ್ಮ ಆಫೀಸಿನವರಿಗೆ ಈಗ ಟ್ರೆಕಿಂಗ್ ಹುಚ್ಚು. ಈ ಸಲ ಬೆಳಗಿನ ಟೀವಿ ಸೀರಿಯಲ್ ಬಿಟ್ಟು ಫ್ಯಾಮಿಲಿ ಸಮೇತ ಬಸ್ಸು ಹಿಡಿದೆವು. ಗುಡ್ಡದ ಬುಡದಲ್ಲಿ ನಮ್ಮ ಲೀಡರ್ ಮಾನೆ ಸಾಹೇಬರು ಎರಡು ಬ್ಯಾಚ್ ಮಾಡಿದರು. ಫಾಸ್ಟ್ ಬ್ಯಾಚು ಗಂಡಸರದು. ನಡುವೆ ಎಲ್ಲೂ ಕೂರುವಂತಿಲ್ಲ. ಸ್ಲೋ ಬ್ಯಾಚು ಹೆಂಗಸರು, ಮಕ್ಕಳದು, ಆರಾಮವಾಗಿ ಬಂದರಾಯಿತು.

ನನ್ನ ಹೆಂಡತಿ ಸುನಂದಾ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕಾಲಲ್ಲಿ ನೋಡಿದರೆ ಮಗನ ಕ್ಯಾನ್ವಾಸ್ ಶೂ!

"ಸಾಹೇಬ್ರ, ನಾ ಫಾಸ್ಟ್ ಬ್ಯಾಚಿನ್ಯಾಗ ಬರ್ತೀನ್ರಿ."

"ವೈನಿ, ದಮ್ಮ ಹತ್ತತೈತ್ರಿ. ಸುಮ್ನ ಯಾಕ ತ್ರಾಸ?" ಎಂದರು ಮಾನೆ, ಅತ್ತಿಗೆಯೆಂಬ ಸಲುಗೆಯಲ್ಲಿ.

"ಹತ್ತಿದ್ರ ಕೂಡ್ತೀನಿ ಬಿಡ್ರಿ."

ಎಲ್ಲರೂ ನನ್ನ ಮುಖ ನೋಡಿದರು. ಗಂಡ ಏನಂತಾನೆ?

ನಿಜ ಹೇಳುತ್ತೇನೆ, ಓಡೋಡಿ ಗುಡ್ಡ ಹತ್ತುವುದು ನನಗೆ ಎಂದೂ ಸೇರಿದ್ದಲ್ಲ. ನನಗೆ ಅಲ್ಲಲ್ಲಿ ನಿಲ್ಲಬೇಕು, ಸುತ್ತ ನೋಡಬೇಕು. ಆದರೆ ಗಂಡಸರ ಎದುರು ಹಾಗೆನ್ನಲು ನಾಚಿಕೆ. ಹಿಂದಿನ ಎರಡೂ ಸಲ ಇದೇ ಗುಡ್ಡದಲ್ಲಿ ಏದುಸಿರು ಬಿಡುತ್ತ ಅವರ ಬೆನ್ನು ಹತ್ತಿದ್ದೆ. ಅವತ್ತು ಹೇಗೋ ಧೈರ್ಯ ಬಂತು.

"ಆಕಿ ಬರ್ಲಿರಿ ನಿಮ್ಮ ಜೋಡಿ. ನಾ ಹಿಂದ ಆರಾಮ ಬರ್ತೀನಿ."

ಫಾಸ್ಟ್ ಬ್ಯಾಚು ಗೊಳ್ಳೆಂದು ನಕ್ಕಿತು. ನಗಲಿ ಬಿಡಿ.

ನಾನು ನಾಲ್ಕು ಕಡೆ ಕೂತೆ. ಮಕ್ಕಳ ಜೊತೆ ಬಾರೆಹಣ್ಣು ಕಿತ್ತು ತಿಂದೆ. ಆ ಗುಡ್ಡದಿಂದ ನಿಪ್ಪಾಣಿಯ ತಂಬಾಕಿನ ಹೊಲಗಳು ಅಷ್ಟು ಚೆಂದ ಕಾಣುತ್ತವೆಂದು ಮೂರನೆಯ ಸಲಕ್ಕೆ ಗೊತ್ತಾಯಿತು! ಆದರೂ ಒಳಗೊಳಗೇ ಅಳುಕು. ಇವಳು ಎಲ್ಲಾದರೂ ಸುಸ್ತಾಗಿ ಕೂತಿದ್ದರೆ? ನಾಳೆ ಆಫೀಸಿನಲ್ಲಿ ನನಗೆ ಉಳಿಗಾಲವುಂಟೇ?

ತುದಿ ಮುಟ್ಟುತ್ತಲೇ ಮಾನೆ ಸಾಹೇಬರು ಎದುರಾದರು. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು.

"ಏನ್ರೀ ನಮ್ಮ ವೈನಿ! ಎಲ್ಲಾರಕಿಂತ ಮೊದ್ಲ ಬಂದ್ ಮುಟ್ಯಾರ. ಮ್ಯಾಲ ನಿಂತು ನಮಗ 'ಬರ್ರಿ, ಬರ್ರಿ' ಅಂತ ಕರ್ಯಾಕತ್ತಿದ್ರು!"

ನನ್ನ ಎದೆ ಉಬ್ಬಿತು. ಹತ್ತಿದವಳು ಅವಳು, ಜಂಬ ನನ್ನದು.

ಸುನಂದಾ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಮುಖ ಕೆಂಪಗಾಗಿ ಹೊಳೆಯುತ್ತಿತ್ತು.

"ಇಷ್ಟ ಜೋರ ನಡ್ಯಾಕ ಯಾವಾಗ ಕಲತಿ?" ಎಂದೆ.

"ಕಲಿಯೂದೇನ್ ಬಂತ್ರಿ? ತವರುಮನ್ಯಾಗ, ಶೇಡಬಾಳದಾಗ, ಹಿಂಗ ನಡೀತಿದ್ದೆ. ಮದುವ್ಯಾದ ಮ್ಯಾಲ ನಿಮ್ಮ ಹಿಂದ ಸಾವಕಾಶ ನಡ್ಯಾಕ ಕಲತೆ. ಮುಂದ ಹೋದ್ರ ಮಂದಿ ಏನಂತಾರ ಅಂತ."

ಹೀಗೆಂದು ನನ್ನ ಕೈಗೆ ರೊಟ್ಟಿ ಇಟ್ಟಳು. ಹದಿನೈದು ವರ್ಷ, ಸಂತೆಗಾಗಲಿ ಮದುವೆಗಾಗಲಿ, ಹಿಂದಿರುಗಿ ನೋಡಿ "ಜಲ್ದಿ ಬಾ" ಎಂದು ಗದರಿದವನು ನಾನು!

ಫಾಸ್ಟ್ ಸರಿಯೋ, ಸ್ಲೋ ಸರಿಯೋ ಎಂದು ಆಫೀಸಿನಲ್ಲಿ ಇನ್ನೂ ವಾದ ನಡೆದಿದೆ. ನಾನು ಬಾಯಿ ಹಾಕುವುದಿಲ್ಲ. ಅವಳಿಗೆ ಅವಳ ನಡಿಗೆ, ನನಗೆ ನನ್ನದು. ತುದಿಯಲ್ಲಿ ಕೂತು ಉಂಡದ್ದು ಒಂದೇ ಬುತ್ತಿ.

ನಿಮ್ಮ ಹಿಂದೆ ನಡೆಯುವವರನ್ನು ಒಮ್ಮೆಯಾದರೂ ಮುಂದೆ ಬಿಟ್ಟು ನೋಡಿದ್ದೀರಾ?